ಹನಿ ಹೋಗದ ಪೆಟ್ಟಿಗೆ

“ಗುರುಗಳೇ, ಎಲ್ಲ ಕಡೆ ಮುಚ್ಚಿದ ಮೇಲೂ ಒಳಗಿನದು ಏಕೆ ಕೆಡುತ್ತದೆ?”

ಕೇಳಿದವನು ಸಣ್ಣೀರಪ್ಪ. ಗುರುಗಳ ಹತ್ತಿರ ಎಂಟು ವರ್ಷದಿಂದ ಬರುತ್ತಿದ್ದ ಶಿಷ್ಯ. ಗಾರೆ ಕೆಲಸದವನು. ಸೋರುವ ತಾರಸಿಗಳ ಬಿರುಕು ಮುಚ್ಚುವುದು ಅವನ ಕಸುಬು.

“ಯಾವುದು ಕೆಟ್ಟಿದೆ?” ಎಂದರು ಗುರುಗಳು.

ಸಣ್ಣೀರಪ್ಪ ಹೇಳಿದ. ಹೆಂಡತಿ ಹೋಗಿ ಹನ್ನೊಂದು ತಿಂಗಳಾಯಿತು. ಹೆಣ ಎತ್ತುವಾಗ ಊರೆಲ್ಲ ಅತ್ತಿತು. ಅವನು ಅಳಲಿಲ್ಲ. ಮೂರನೆಯ ದಿನ ಕರಣಿ ಹಿಡಿದು ಕೆಲಸಕ್ಕೆ ಹೋದ. ಗಟ್ಟಿ ಮನುಷ್ಯ ಎಂದರು ಜನ. ಅವನಿಗೂ ಹಾಗೇ ಅನ್ನಿಸಿತು. ಈಗ ಬೇರೆಯಾಗಿದೆ. ಯಾರಾದರೂ ಮಾತಾಡಿದರೆ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ಒಲೆ ಹಚ್ಚುತ್ತಾನೆ, ಪಾತ್ರೆ ಇಡುವುದನ್ನು ಮರೆಯುತ್ತಾನೆ. ಮೊನ್ನೆ ಒಬ್ಬರ ತಾರಸಿಗೆ ಗಾರೆ ಹಾಕಲು ಹೋದವನು ಪಕ್ಕದ ಮನೆಯ ತಾರಸಿಗೆ ಹಾಕಿ ಬಂದ.

“ಅವರು ಏನೆಂದರು?”

“ಪಕ್ಕದ ಮನೆಯವರು ಕಾಫಿ ಕೊಟ್ಟರು, ಗುರುಗಳೇ.”

ಗುರುಗಳು ನಗಲಿಲ್ಲ.

“ಅದು ಹೋಗಲಿ,” ಎಂದ ಸಣ್ಣೀರಪ್ಪ. “ಮಗಳು ಕೇಳಿದಳು, ಅಪ್ಪಾ, ನೀನು ಎಲ್ಲಿರುತ್ತೀಯ ಅಂತ. ಇಲ್ಲೇ ಇದ್ದೀನಲ್ಲ ಅಂದೆ. ಎದ್ದು ಒಳಗೆ ಹೋದಳು. ಆವತ್ತಿನಿಂದ ಅವಳೂ ಮಾತು ಬಿಟ್ಟಿದ್ದಾಳೆ. ಇರುವುದು ಅವಳೊಬ್ಬಳು. ಅವಳೂ ಹೀಗೆ ದೂರವಾದರೆ ನನಗೆ ಯಾರು? ನಾನು ಒಂದು ಹನಿ ಉದುರಿಸಿಲ್ಲ. ಎಲ್ಲ ಬಿಗಿಯಾಗಿ ಇಟ್ಟುಕೊಂಡಿದ್ದೇನೆ. ಎಲ್ಲಿಂದ ಸೋರಿತು ತಿಳಿಯುತ್ತಿಲ್ಲ.”

“ಕುಳಿತುಕೋ,” ಎಂದರು ಗುರುಗಳು. “ಒಬ್ಬ ಪೆಟ್ಟಿಗೆ ಮಾಡಿದ. ಅದರ ಕತೆ ಹೇಳುತ್ತೇನೆ.”

ಪೆಟ್ಟಿಗೆಗೂ ತನಗೂ ಏನು ಸಂಬಂಧ ಎಂದು ಸಣ್ಣೀರಪ್ಪನಿಗೆ ತಿಳಿಯಲಿಲ್ಲ. ಆದರೂ ಕುಳಿತ.

ಗುರುಗಳು ಹೇಳಿದ್ದು ಇದು.

ಒಂದು ಊರು. ಊರ ಮುಂದೆ ಒಂದು ಹಳ್ಳ. ಹಳ್ಳ ಹುಟ್ಟುವುದು ದೂರದ ಗುಡ್ಡದಲ್ಲಿ. ವರ್ಷದಲ್ಲಿ ಎಂಟು ತಿಂಗಳು ಅದರಲ್ಲಿ ಕೋಳಿ ಕೆದಕುತ್ತವೆ. ಮಳೆಗಾಲದಲ್ಲಿ ಹಾಗಲ್ಲ. ಊರಲ್ಲಿ ಬಿಸಿಲಿರುತ್ತದೆ, ಗುಡ್ಡದಲ್ಲಿ ಮಳೆ ಹುಯ್ದಿರುತ್ತದೆ. ಬಿಸಿಲಿನಲ್ಲೇ ಕೆಂಪು ನೀರು ಬರುತ್ತದೆ.

ಹಳ್ಳಕ್ಕೆ ಸೇತುವೆ ಇಲ್ಲ. ದಾಟಲು ಹದಿನಾಲ್ಕು ಕಲ್ಲುಗಳಿವೆ. ಆಚೆ ದಡದಲ್ಲಿ ಹೂವಿನ ತೋಟಗಳು. ಊರ ಹೆಂಗಸರು ಬೆಳಿಗ್ಗೆ ಕಲ್ಲು ದಾಟಿ ಹೂ ಬಿಡಿಸಲು ಹೋಗುತ್ತಾರೆ. ಸಂಜೆ ಬುಟ್ಟಿ ಹೊತ್ತು ಅದೇ ಕಲ್ಲುಗಳ ಮೇಲೆ ಬರುತ್ತಾರೆ. ತಲೆಯ ಮೇಲೆ ಬುಟ್ಟಿ ಇದ್ದವರು ಕಾಲ ಕೆಳಗಿನ ಕಲ್ಲನ್ನು ನೋಡುತ್ತಾರೆ. ಹಳ್ಳದ ಮೇಲುಗಡೆ ನೋಡಲಾರರು.

ಮೇಲಿನ ತಿರುವಿನಲ್ಲಿ ಒಂದು ಮನೆ. ಗಂಡ, ಹೆಂಡತಿ, ಇಬ್ಬರೇ. ಹೆಂಡತಿ ಹಿತ್ತಲಲ್ಲಿ ನಿಂತರೆ ಗುಡ್ಡದಿಂದ ಇಳಿಯುವ ನೀರು ಕಾಣುತ್ತಿತ್ತು. ಆ ತಿರುವಿನಿಂದ ಕಲ್ಲುಗಳ ತನಕ ಬರಲು ನೀರಿಗೆ ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಹಿಡಿಯುತ್ತದೆ. ನೀರು ಕೆಂಪಾದದ್ದು ಕಂಡ ಕೂಡಲೇ ಅವಳು ಕಂಚಿನ ಗಂಗಾಳ ತಂದು ಸೌಟಿನಿಂದ ಬಾರಿಸುತ್ತಿದ್ದಳು. ಕೆಳಗಿನವರು ಸದ್ದು ಕೇಳಿ ಹಿಂದೆ ಸರಿಯುತ್ತಿದ್ದರು. ಯಾರೂ ಒಪ್ಪಿಸಿದ ಕೆಲಸವಲ್ಲ. ಅವಳ ಅತ್ತೆ ಮಾಡುತ್ತಿದ್ದಳು, ಇವಳೂ ಮಾಡಿದಳು. ಅವಳು ಉಣ್ಣುವುದೂ ಆ ಗಂಗಾಳದಲ್ಲೇ. ಒಮ್ಮೊಮ್ಮೆ ಉಣ್ಣುತ್ತಿದ್ದ ಅನ್ನ ನೆಲಕ್ಕೆ ಸುರಿದು ಬಾರಿಸಿದ್ದೂ ಉಂಟು.

ಗಂಡನ ಕಸುಬು ಬೇರೆ. ಅವನ ಹತ್ತಿರ ಒಂದು ಪ್ರಿಂಟರ್ ಇತ್ತು. ಕಾಗದದ್ದಲ್ಲ. ಪ್ಲಾಸ್ಟಿಕ್ ದಾರವನ್ನು ಕರಗಿಸಿ, ಎಳೆಯ ಮೇಲೆ ಎಳೆ ಇಟ್ಟು, ವಸ್ತುವನ್ನೇ ಕಟ್ಟುವ ಯಂತ್ರ. ಸುತ್ತಲ ಊರುಗಳ ಮಿಕ್ಸಿಗೆ ಹಿಡಿ, ಪಂಪಿಗೆ ಮುಚ್ಚಳ, ಟಾರ್ಚಿಗೆ ಗುಂಡಿ ಮಾಡಿಕೊಡುತ್ತಿದ್ದ. ಪಕ್ಕದ ಮನೆಯಲ್ಲಿ ಹಪ್ಪಳ ಮಾಡುವ ಅಜ್ಜಿಯೊಬ್ಬಳಿದ್ದಳು. ಅವಳು ಅದನ್ನು ಚಕ್ಕುಲಿ ಯಂತ್ರ ಎನ್ನುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಹೆಂಡತಿಗೆ ಜ್ವರ ಬಂತು. ಒಂಬತ್ತು ದಿನ ಮಲಗಿದಳು. ಹೋದಳು.

ಅವನು ಅಳಲಿಲ್ಲ. ಗಂಗಾಳವನ್ನು ತೊಳೆದು, ಒರೆಸಿ, ಗೋಡೆಯ ಮೊಳೆಗೆ ನೇತುಹಾಕಿದ. ಮುಖ ಗೋಡೆಯ ಕಡೆಗೆ. ಮತ್ತೆ ಅದನ್ನು ಮುಟ್ಟಲಿಲ್ಲ.

ತಿಥಿಯ ದಿನ ಹೂವಿನ ಹೆಂಗಸರು ಬಂದರು. ಅವರ ಮುಂದಾಳು ಒಬ್ಬಳು ಗಟ್ಟಿ ಹೆಂಗಸು. ಅವಳು ಕೇಳಿದಳು.

“ಅಣ್ಣಾ, ಅಕ್ಕ ಹೋದಳು, ಮಳೆಗಾಲ ಬರುತ್ತೆ. ಇನ್ನು ಯಾರು ಬಾರಿಸುತ್ತಾರೆ?”

ಅವನು ಗೋಡೆ ನೋಡಿದ. ಗಂಗಾಳದ ಬೆನ್ನು ಕಂಡಿತು.

“ಬಾರಿಸೋದು ಬೇಡ,” ಎಂದ. “ನಾನೊಂದು ಪೆಟ್ಟಿಗೆ ಮಾಡುತ್ತೀನಿ. ಅದೇ ಕೂಗುತ್ತೆ.”

ಅವನ ಲೆಕ್ಕಾಚಾರ ಸರಳ. ತಿರುವಿನ ಬಂಡೆಗೆ ಒಂದು ಕಂಬ. ಕಂಬದ ಮೇಲೆ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಸೆನ್ಸರ್. ಅದರಿಂದ ಎರಡು ತಂತಿ ಹಳ್ಳಕ್ಕೆ ಇಳಿಯುತ್ತವೆ. ಏರಿದ ನೀರು ಎರಡು ತಂತಿಯನ್ನೂ ಒಟ್ಟಿಗೆ ಮುಟ್ಟಿದರೆ ಸೆನ್ಸರಿಗೆ ತಿಳಿಯುತ್ತದೆ. ಅದು ಕೆಳಗಿನ ಕಲ್ಲುಗಳ ಹತ್ತಿರ ಇಟ್ಟ ಸೈರನ್ನಿಗೆ ಸುದ್ದಿ ಕಳಿಸುತ್ತದೆ. ಸೈರನ್ ಕೂಗುತ್ತದೆ. ಇದರಲ್ಲಿ ಕಷ್ಟ ಏನೂ ಇರಲಿಲ್ಲ. ಕಷ್ಟವಿದ್ದದ್ದು ಪೆಟ್ಟಿಗೆಯಲ್ಲಿ. ಸೆನ್ಸರ್ ನೀರಿನ ಸುದ್ದಿ ಹೇಳಬೇಕು, ಆದರೆ ಅದಕ್ಕೆ ನೀರು ತಾಕಬಾರದು.

ಮೊದಲ ಪೆಟ್ಟಿಗೆಯನ್ನು ಮನೆಯಲ್ಲಿದ್ದ ಕಪ್ಪು ದಾರದಲ್ಲಿ ಮಾಡಿದ. ಆಟಿಕೆಗಳಿಗೆ ಬಳಸುವ ದಾರ ಅದು. ಕಂಬದ ಮೇಲೆ ಇಟ್ಟ. ನಾಲ್ಕು ದಿನದ ಬಿಸಿಲಿಗೆ ಅದು ಬಿಸಿಲಲ್ಲಿಟ್ಟ ಬೆಲ್ಲದಚ್ಚಿನಂತೆ ಕುಸಿಯಿತು.

ಎರಡನೆಯದನ್ನು ಬಿಸಿಲು ತಡೆಯುವ ಬೇರೆ ದಾರದಲ್ಲಿ, ಬಿಳಿ ಬಣ್ಣದಲ್ಲಿ ಮಾಡಿದ. ಕುಸಿಯಲಿಲ್ಲ. ಒಂದು ಕೊಡ ನೀರು ಹುಯ್ದು ನೋಡಿದ. ಎಳೆ ಎಳೆಯ ನಡುವಿನಿಂದ ನೀರು ಜಿನುಗಿ ಒಳಗೆ ಹೋಯಿತು. ಬುಟ್ಟಿಗೆ ನೀರು ಹುಯ್ದ ಹಾಗೆ.

ಮೂರನೆಯದಕ್ಕೆ ಗೋಡೆ ದಪ್ಪ ಮಾಡಿದ. ಹೊರಗೆ ಮೂರು ಸಲ ವಾರ್ನಿಷ್ ಬಳಿದ. ತಂತಿ ಹೋಗುವ ತೂತಿಗೆ ಮೇಣ ತುಂಬಿದ. ಇನ್ನು ಮುಚ್ಚಳ. ಮುಚ್ಚಳದ ಅಂಚಿಗೆ ರಬ್ಬರ್ ಬೇಕಿತ್ತು. ಪೇಟೆಗೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿಯ ಕುಕ್ಕರ್ ಇತ್ತು. ಅವಳು ಹೋದ ಮೇಲೆ ಅವನು ಅದನ್ನು ಒಲೆಗೆ ಏರಿಸಿರಲಿಲ್ಲ. ಒಬ್ಬನಿಗೆ ಎಷ್ಟು ಅನ್ನ ಬೇಕು. ಕುಕ್ಕರಿನ ಗ್ಯಾಸ್ಕೆಟ್ ಬಿಚ್ಚಿ ತಂದ. ಅದರ ಅಳತೆಗೇ ಪೆಟ್ಟಿಗೆಯನ್ನು ದುಂಡಗೆ ಮಾಡಿದ. ಎಂಟು ಸ್ಕ್ರೂ ಹಾಕಿ ಬಿಗಿದ.

ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿದ. ಒಂದು ಹಗಲು ಹಾಗೇ ಬಿಟ್ಟ. ತೆಗೆದು ಬಿಚ್ಚಿದ. ಒಳಗೆ ಒಣಗಿದ ಬಟ್ಟೆಯಂತಿತ್ತು. ಒಂದು ಹನಿ ಇಲ್ಲ. ಹೆಂಡತಿ ಹೋದ ಮೇಲೆ ಆವತ್ತು ಅವನು ಹೊಟ್ಟೆ ತುಂಬ ಉಂಡ.

ಪೆಟ್ಟಿಗೆ ಕಂಬ ಏರಿತು. ಮಳೆಗಾಲ ಬಂತು.

ಮೊದಲ ಸಲ ಹಳ್ಳ ಬಂದಾಗ ಸೈರನ್ ಕೂಗಿತು. ಹೆಂಗಸರು ಹಿಂದೆ ಸರಿದರು. ಎಲ್ಲರೂ ಹೊಗಳಿದರು.

ಹತ್ತನೆಯ ದಿನ ಸೈರನ್ ಮತ್ತೆ ಕೂಗಿತು. ಹೆಂಗಸರು ದಡದಲ್ಲೇ ಬುಟ್ಟಿ ಇಳಿಸಿ ಕುಳಿತರು. ಕಾದರು. ಹಳ್ಳ ಬರಲಿಲ್ಲ. ಗುಡ್ಡದಲ್ಲಿ ಮಳೆಯೇ ಇರಲಿಲ್ಲ. ಮೊಣಕಾಲು ಮುಟ್ಟದ ನೀರನ್ನು ನೋಡುತ್ತ ಹೊತ್ತು ಮುಳುಗುವ ತನಕ ಕುಳಿತಿದ್ದು, ನಗುತ್ತ ಎದ್ದು ಬಂದರು.

“ಅಣ್ಣಾ, ನಿನ್ನ ಪೆಟ್ಟಿಗೆ ಕನಸು ಕಾಣುತ್ತೆ,” ಎಂದಳು ಮುಂದಾಳು.

ಅವನು ಕಂಬ ಹತ್ತಿ ಪೆಟ್ಟಿಗೆ ಬಿಚ್ಚಿದ. ಒಳಗೆ ಒಂದು ಚಮಚ ನೀರು. ಎರಡು ತಂತಿಗಳ ಒಳತುದಿಗಳೂ ಆ ನೀರಿನಲ್ಲಿ ನಿಂತಿದ್ದವು. ಒಳಗಿನ ನೀರನ್ನೇ ಹಳ್ಳ ಎಂದು ತಿಳಿದು ಸೆನ್ಸರ್ ಕೂಗಿತ್ತು.

ನೀರು ಎಲ್ಲಿಂದ ಬಂತು? ಅವನಿಗೆ ತಿಳಿಯಲಿಲ್ಲ. ಗೋಡೆ ಮುಟ್ಟಿ ನೋಡಿದ. ಒಣಗಿತ್ತು. ಮೇಣ ಹಾಗೇ ಇತ್ತು. ಗ್ಯಾಸ್ಕೆಟ್ ಎಲ್ಲೂ ಸರಿದಿರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ತೊಟ್ಟಿಯಲ್ಲಿ ಮುಳುಗಿಸಿದ. ಹನಿ ಹೋಗಲಿಲ್ಲ. ಕಂಬದ ಮೇಲಿಟ್ಟ. ಎರಡು ದಿನಕ್ಕೆ ಮತ್ತೆ ನೀರು.

ಮುಳುಗಿಸಿದರೆ ಒಣಗಿರುತ್ತದೆ. ಗಾಳಿಯಲ್ಲಿಟ್ಟರೆ ತುಂಬುತ್ತದೆ. ಇದೆಂಥ ನೀರು?

ಮುಚ್ಚಳ ಸಡಿಲವಾಗಿರಬೇಕು ಎಂದುಕೊಂಡ. ಎಂಟು ಸ್ಕ್ರೂ ಇದ್ದದ್ದು ಹನ್ನೆರಡಾಯಿತು. ವಾರ್ನಿಷಿನ ಮೇಲೆ ಡಾಂಬರು ಬಂತು. ಮೇಣದ ಮೇಲೆ ಎಂ-ಸೀಲ್ ಬಂತು. ದಿನಾ ಬೆಳಿಗ್ಗೆ ಬಿಚ್ಚುತ್ತಿದ್ದ. ಬಟ್ಟೆಯಲ್ಲಿ ಒರೆಸುತ್ತಿದ್ದ. ಮತ್ತೆ ಬಿಗಿಯುತ್ತಿದ್ದ. ಬಿಗಿದಷ್ಟೂ ನೀರು ಹೆಚ್ಚಾಯಿತು.

ಇಲ್ಲಿ ಸಣ್ಣೀರಪ್ಪ ಬಾಯಿ ಹಾಕಿದ.

“ಒಳಗಿನಿಂದ ಒಂದು ಕೈ ಸಿಮೆಂಟ್ ಹಾಲು ಬಳಿದಿದ್ದರೆ ನಿಲ್ಲುತ್ತಿತ್ತು, ಗುರುಗಳೇ.”

“ಅವನಿಗೂ ಅಂಥದ್ದೇ ಹೊಳೆಯಿತು,” ಎಂದರು ಗುರುಗಳು. “ಒಳಗಿನಿಂದಲೂ ವಾರ್ನಿಷ್ ಬಳಿದ.”

“ನಿಂತಿತೇ?”

“ಕೇಳು.”

ಸೈರನ್ ಒಂದು ದಿನ ಬಿಸಿಲಿನಲ್ಲಿ ಕೂಗುತ್ತಿತ್ತು. ಒಂದು ದಿನ ಹಳ್ಳ ಬಂದು ಹೋದ ಮೇಲೆ ಕೂಗುತ್ತಿತ್ತು. ಹೆಂಗಸರು ನಗುವುದನ್ನು ಬಿಟ್ಟರು. ಒಂದು ಬೆಳಿಗ್ಗೆ ತೋಟಕ್ಕೆ ಹೋಗುವ ಮುಂಚೆ ಮುಂದಾಳು ಅವನ ಮನೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ಅಣ್ಣಾ, ಒಂದು ಮಾತು ಹೇಳು. ನಿನ್ನ ಪೆಟ್ಟಿಗೇನ ನಂಬಬೇಕೋ ಬಿಡಬೇಕೋ? ಬಿಡು ಅಂದರೆ ಬಿಡುತ್ತೀವಿ. ದಿನಾ ಒಬ್ಬಳು ದಡದಲ್ಲಿ ಕಾವಲು ಕೂರುತ್ತಾಳೆ. ಅವಳ ಕೂಲಿ ಹೋಗುತ್ತೆ, ಹೋಗಲಿ. ನಂಬು ಅಂದರೆ ನಂಬುತ್ತೀವಿ. ಹನ್ನೊಂದು ಜನ ಇದ್ದೀವಿ ನಾವು.”

ಅವನು ಹಿಂದಿನ ದಿನವಷ್ಟೇ ಒಳಗಿನ ವಾರ್ನಿಷ್ ಮುಗಿಸಿದ್ದ.

“ನಂಬಿ,” ಎಂದ. “ಇನ್ನು ಒಂದು ಹನಿ ಹೋಗೋದಿಲ್ಲ.”

ಅವಳು ಅವನ ಮುಖ ನೋಡಿದಳು. ತಲೆ ಆಡಿಸಿ ಹೋದಳು.

ಏಳು ದಿನ ಸೈರನ್ ಸುಮ್ಮನೆ ಕೂಗಲಿಲ್ಲ; ಅವನೂ ಪೆಟ್ಟಿಗೆ ಬಿಚ್ಚಲಿಲ್ಲ. ಎಂಟನೆಯ ದಿನ ಸಂಜೆ ಅವನು ಕಂಬದ ಹತ್ತಿರ ಬಂದ. ಪೆಟ್ಟಿಗೆ ಇಳಿಸಿ ಅಲ್ಲೇ ಬಂಡೆಯ ಮೇಲೆ ಕುಳಿತು ಸ್ಕ್ರೂ ಬಿಚ್ಚಿದ. ಮುಚ್ಚಳದ ಒಳಮೈ ತುಂಬ ಹನಿಗಳು ಅಂಟಿಕೊಂಡಿದ್ದವು. ತಳದಲ್ಲಿ ಅರ್ಧ ಲೋಟ ನೀರು. ಸೆನ್ಸರಿನ ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. ಅದು ಸತ್ತುಹೋಗಿತ್ತು.

ಅವನಿಗೆ ಏನೂ ತಿಳಿಯಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಳಿತ. ಬಿಸಿಲಿತ್ತು. ತಲೆ ಎತ್ತಿದ.

ಹಳ್ಳ ಕೆಂಪಾಗಿತ್ತು.

ಕೂಗಿದ. ನೀರಿನ ಸದ್ದಿಗೆ ಅವನ ದನಿ ಅವನಿಗೇ ಕೇಳಿಸಲಿಲ್ಲ. ಕೆಳಗೆ ಕಲ್ಲುಗಳ ಮೇಲೆ ಹೆಂಗಸರು ಕಾಣುತ್ತಿದ್ದರು. ಮುಂದಿನವಳು ಐದನೆಯ ಕಲ್ಲಿಗೆ ಬಂದಿದ್ದಳು. ಹಿಂದಿನವರು ಒಬ್ಬರ ಹಿಂದೆ ಒಬ್ಬರು. ಎಲ್ಲರ ಕಣ್ಣೂ ಕಾಲ ಕೆಳಗೆ. ಯಾರೂ ಮೇಲೆ ನೋಡಲಿಲ್ಲ. ಪೆಟ್ಟಿಗೆ ಕೂಗಿರಲಿಲ್ಲ.

ಅವನು ಮನೆಗೆ ಓಡಿದ. ಯಾಕೆ ಓಡಿದ ಎಂದು ಓಡುವಾಗ ಅವನಿಗೆ ಗೊತ್ತಿರಲಿಲ್ಲ. ಗೋಡೆಯ ಮೊಳೆಯಿಂದ ಗಂಗಾಳ ಕಿತ್ತ. ಸೌಟು ಸಿಗಲಿಲ್ಲ. ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ಹಿತ್ತಲಿಗೆ ಬಂದು, ಅವಳು ನಿಲ್ಲುತ್ತಿದ್ದ ಜಾಗದಲ್ಲಿ ನಿಂತು, ಅದರ ಹಿಡಿಯಿಂದ ಬಾರಿಸಿದ. ಬಾರಿಸಿದ, ಬಾರಿಸಿದ.

ಐದನೆಯ ಕಲ್ಲಿನವಳು ನಿಂತಳು. ತಿರುಗಿದಳು. ಹಿಂದಿನವರು ಹಿಂದೆ ಹೆಜ್ಜೆ ಇಟ್ಟರು. ಕೊನೆಯವಳು ದಡಕ್ಕೆ ಕಾಲಿಡುವಷ್ಟರಲ್ಲಿ ಹದಿನಾಲ್ಕು ಕಲ್ಲುಗಳೂ ಮುಳುಗಿದವು. ಒಂದು ಬುಟ್ಟಿ ಹೋಯಿತು. ಕೆಂಪು ನೀರಿನ ಮೇಲೆ ಸೇವಂತಿಗೆ ತೇಲಿಹೋಯಿತು.

ಹಳ್ಳ ಇಳಿದ ಮೇಲೆ ಅವರು ದಾಟಿ ಬಂದು, ಅವನ ಮನೆಯ ಮುಂದೆ ನಿಂತರು. ಅವನು ಗಂಗಾಳ ಹಿಡಿದೇ ಕುಳಿತಿದ್ದ. ಬೈಯುತ್ತಾರೆ ಎಂದುಕೊಂಡಿದ್ದ.

ಮುಂದಾಳು ಹೇಳಿದಳು. “ಪೆಟ್ಟಿಗೆ ಕೂಗಲಿಲ್ಲ ಅಣ್ಣಾ. ಅಕ್ಕ ಕೂಗಿದಳು.”

ಅಷ್ಟು ಹೇಳಿ ಅವರು ಹೋದರು. ಅದು ಬೈಗುಳವೋ ಬೇರೆ ಏನೋ ಅವನಿಗೆ ತಿಳಿಯಲಿಲ್ಲ.

ಹಪ್ಪಳದ ಅಜ್ಜಿಯೂ ಸದ್ದು ಕೇಳಿ ಬಂದಿದ್ದಳು. ಹಿಂದಿನ ಮಳೆಗಾಲದ ಮೇಲೆ ಆ ಸದ್ದು ಕೇಳಿರಲಿಲ್ಲ. ಅವಳು ಗಂಗಾಳವನ್ನು ಅವನ ಕೈಯಿಂದ ಬಿಡಿಸಿ ಪಕ್ಕಕ್ಕಿಟ್ಟಳು. ಬಂಡೆಯ ಮೇಲೆ ಬಿದ್ದಿದ್ದ ಪೆಟ್ಟಿಗೆಯನ್ನು ತಾನೇ ಹೋಗಿ ಎತ್ತಿಕೊಂಡು ಬಂದಳು. ಒಳಗೆ ಇಣುಕಿದಳು.

“ಏನಪ್ಪಾ ಇದು, ಪೆಟ್ಟಿಗೇಲಿ ಸಾರು ಕಾಸಿದ್ದೀಯಾ?”

“ನೀರು ಅಜ್ಜಿ. ಎಲ್ಲಿಂದ ಬರುತ್ತೋ ಗೊತ್ತಿಲ್ಲ. ತೊಟ್ಟೀಲಿ ಮುಳುಗಿಸಿದರೂ ಒಂದು ಹನಿ ಹೋಗೋದಿಲ್ಲ.”

ಅಜ್ಜಿ ಮುಚ್ಚಳ ತಿರುವಿ ನೋಡಿದಳು. ಬೆರಳಿನಿಂದ ರಬ್ಬರ್ ಮುಟ್ಟಿದಳು.

“ಇದು ಅವಳ ಕುಕ್ಕರಿಂದಲ್ವಾ?”

“ಹೌದು.”

“ರಬ್ಬರ್ ತಗೊಂಡೆ, ವಿಷಲ್ ಬಿಟ್ಟೆ.”

ಅವನಿಗೆ ಅರ್ಥವಾಗಲಿಲ್ಲ. ಅಜ್ಜಿ ಅವನ ಎದುರು ಕುಳಿತಳು.

“ಬಿಸಿ ಅನ್ನಕ್ಕೆ ಬಿಗಿಯಾಗಿ ಮುಚ್ಚಳ ಹಾಕಿ ಇಡು. ಆರಿದ ಮೇಲೆ ತೆಗೆಯೋಕೆ ಹೋಗು. ಬರುತ್ತಾ?”

“ಇಲ್ಲ. ಕಚ್ಚಿಕೊಂಡಿರುತ್ತೆ.”

“ಯಾರು ಹಿಡಕೊಂಡಿರುತ್ತಾರೆ ಅದನ್ನ?”

ಅವನು ಯೋಚಿಸಿದ. “ಯಾರೂ ಇಲ್ಲ.”

“ಒಳಗಿನದೇ ಎಳಕೊಂಡಿರುತ್ತೆ ಕಣಪ್ಪ. ಮುಚ್ಚಳ ತೆಗೆದರೆ ಅದರ ಮೈ ತುಂಬ ಹನಿ. ನನ್ನ ಒಲೆ ಮೇಲೆ ಮಳೆ ಬಂದಿತ್ತಾ? ಅದಕ್ಕೇ ಬಿಸಿಲಲ್ಲಿ ಒಣಗಿಸಿದ ಹಪ್ಪಳಾನೂ ನಾನು ಆರೋ ತನಕ ಡಬ್ಬಿಗೆ ಹಾಕೋದಿಲ್ಲ. ನಿನ್ನ ಪೆಟ್ಟಿಗೆ ಬಿಸಿಲಲ್ಲಿ ಊದುತ್ತೆ, ಮಳೆ ಬಿದ್ದು ತಣ್ಣಗಾದರೆ ಒಳಕ್ಕೆ ಎಳೆಯುತ್ತೆ. ಮೂಗು ಕಟ್ಟಿದ ಮಗು ಬಾಯಲ್ಲಿ ಉಸಿರೆಳೆಯಲ್ವಾ? ಇದಕ್ಕೆ ನೀನು ಮೂಗು ಇಟ್ಟಿಲ್ಲ. ಕೂದಲೆಳೆ ಸಂದು ಸಿಕ್ಕರೂ ಅಲ್ಲಿಂದಲೇ ಎಳೆಯುತ್ತೆ. ಒದ್ದೆ ಗಾಳೀನೂ ಎಳೆಯುತ್ತೆ, ಮುಚ್ಚಳದ ಮೇಲೆ ನಿಂತ ನೀರನ್ನೂ ಎಳೆಯುತ್ತೆ.”

“ಹಾಗಾದರೆ ತೊಟ್ಟೀಲಿ ಯಾಕೆ ಎಳೆಯಲಿಲ್ಲ?”

“ತೊಟ್ಟೀಲಿ ಅದಕ್ಕೆ ಬಿಸಿಲೂ ಇಲ್ಲ, ನೆರಳೂ ಇಲ್ಲ. ಒಂದೇ ತಣ್ಣಗೆ. ಅಲ್ಲಿ ಯಾವುದು ಬೇಕಾದರೂ ಸುಮ್ಮನಿರುತ್ತೆ.”

“ಸಡಿಲ ಆಯಿತೇನೋ ಅಂತ ದಿನಾ ಬಿಗಿ ಮಾಡಿದೆ ಅಜ್ಜಿ. ದಿನಾ ಬಿಚ್ಚಿ ಒರೆಸಿ ಬಿಗಿದೆ.”

“ಬೆಳಗಿನ ಒದ್ದೆ ಗಾಳಿ ಒಳಗೆ ತುಂಬಿಸಿ ಬಿಗಿದೆ. ಹೋದದ್ದು ಆಚೆ ಬರೋಕೆ ಒಂದು ದಾರಿ ಇಟ್ಟೆಯಾ? ಎಲ್ಲಾ ಕಲಿತಿದ್ದೀಯ, ಚಕ್ಕುಲಿ ಹಿಂಡೋದೊಂದು ಬಿಟ್ಟು ಅಡುಗೆ ಕಲೀಲಿಲ್ಲ. ಅವಳಿದ್ದಾಗ ಒಂದು ದಿನ ಅಡುಗೆಮನೆಗೆ ಬಂದಿದ್ದರೆ ಗೊತ್ತಾಗಿರೋದು.”

“ಏನು ಮಾಡಲಿ ಈಗ?”

“ತಳದಲ್ಲಿ ಒಂದು ತೂತು ಇಡು.”

ಅಜ್ಜಿ ಎದ್ದು ಹೋದಳು.

ಅವನು ಮರುದಿನ ಹೊಸ ಸೆನ್ಸರ್ ತಂದ. ಪೆಟ್ಟಿಗೆ ಒರೆಸಿದ. ಬೋರಲು ಹಾಕಿದ. ತಳದ ನಡುವೆ ಡ್ರಿಲ್ಲಿನ ಮೊನೆ ಇಟ್ಟ. ತೆಗೆದ. ಮತ್ತೆ ಇಟ್ಟ. ತೆಗೆದ. ಒಂದು ಹನಿ ಹೋಗದಿರಲಿ ಎಂದು ಬೇಸಿಗೆಯಿಂದ ದುಡಿದ ಕೈ ಅದು. ಈಗ ಅದೇ ಕೈ ಅದೇ ಪೆಟ್ಟಿಗೆಗೆ ತೂತು ಕೊರೆಯಬೇಕು. ಇದು ಬುದ್ಧಿಯೋ ಹುಚ್ಚೋ ಅವನಿಗೆ ತಿಳಿಯಲಿಲ್ಲ. ಹನ್ನೊಂದು ಹೆಂಗಸರು ಕಣ್ಣಮುಂದೆ ಬಂದರು. ತಿಳಿಯದೇ ಕೊರೆದ.

ಒಂದು ಸಾಸಿವೆ ಕಾಳು ಹೋಗುವಷ್ಟು ತೂತು. ಇರುವೆ ಹತ್ತದಿರಲಿ ಎಂದು ಹಳೆಯ ಟೀ ಸೋಸುವ ಜಾಲರಿಯ ತುಂಡನ್ನು ಅದಕ್ಕೆ ಅಂಟಿಸಿದ. ಸೆನ್ಸರನ್ನು ತಳದಿಂದ ಎರಡು ಬೆರಳು ಎತ್ತರಕ್ಕೆ ಕೂರಿಸಿದ. ಮುಚ್ಚಳ ಹಾಕಿದ. ನಾಲ್ಕೇ ಸ್ಕ್ರೂ. ತೂತು ನೆಲದ ಕಡೆ ಮಾಡಿ ಕಂಬಕ್ಕೆ ಕಟ್ಟಿದ.

ಆ ರಾತ್ರಿ ಮಳೆ ಹುಯ್ಯಿತು. ಬೆಳಿಗ್ಗೆ ಎದ್ದು ಕಂಬದ ಹತ್ತಿರ ಹೋದ. ಪೆಟ್ಟಿಗೆಯ ಕೆಳಗೆ ಕುಳಿತು ಕತ್ತೆತ್ತಿ ನೋಡಿದ. ಬಹಳ ಹೊತ್ತು ನೋಡಿದ. ಬಿಚ್ಚಲಿಲ್ಲ. ಮನೆಗೆ ಬಂದು ಗಂಗಾಳವನ್ನು ಮೊಳೆಗೆ ಹಾಕಿದ. ಈ ಸಲ ಮುಖ ಹೊರಗೆ. ಪಕ್ಕದಲ್ಲೇ ಸೌಟು.

ಗುರುಗಳು ನಿಲ್ಲಿಸಿದರು.

ಸಣ್ಣೀರಪ್ಪ ಕಾದ.

“ಅಷ್ಟೇನೇ?”

“ಅಷ್ಟೇ.”

“ಆ ಪೆಟ್ಟಿಗೆ ಈಗಲೂ ಇದೆಯೇ?”

“ಇದೆ. ನಾಲ್ಕು ಮಳೆಗಾಲ ಕಂಡಿದೆ.”

“ಹೆಂಗಸರು ಅದನ್ನು ನಂಬುತ್ತಾರೆಯೇ?”

“ನಂಬುತ್ತಾರೆ. ಮೊದಲು ಅದು ಕೂಗುತ್ತದೆ. ಆಮೇಲೆ ಅವನು ಗಂಗಾಳವನ್ನೂ ಬಾರಿಸುತ್ತಾನೆ.”

ಸಣ್ಣೀರಪ್ಪ ಮೊಣಕಾಲಿನ ಮೇಲೆ ಒಣಗಿದ್ದ ಗಾರೆಯನ್ನು ಉಗುರಿನಿಂದ ಕೆರೆದ. ಅವನ ಕಸುಬಿನಲ್ಲಿ ತೂತು ಎಂದರೆ ಮುಚ್ಚಬೇಕಾದದ್ದು. ಕತೆ ಅವನಿಗೆ ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂಬುದೂ ತಿಳಿಯಲಿಲ್ಲ.

“ಗುರುಗಳೇ, ಒಂದು ಕೇಳುತ್ತೇನೆ. ಆ ಬೆಳಿಗ್ಗೆ ಅವನು ಪೆಟ್ಟಿಗೆಯ ಕೆಳಗೆ ಕುಳಿತು ಅಷ್ಟು ಹೊತ್ತು ಏನು ನೋಡಿದ?”

ಗುರುಗಳು ಹೇಳಿದರು: “ಅದು ಎರಡು ಹನಿ ಉದುರಿಸಿತು, ಸಣ್ಣೀರಪ್ಪ; ಈಗಲೂ ದಿನಾ ಬೆಳಿಗ್ಗೆ ಉದುರಿಸುತ್ತದೆ, ಅದಕ್ಕೇ ಹೊತ್ತಿಗೆ ಸರಿಯಾಗಿ ಕೂಗುತ್ತದೆ.”